ಮೂವತ್ತೊಂದು ಇಂಚಿನ ಎಂಜಿನ್

ಟೈಲರ್ ಮಾಸ್ತರರ ಕತ್ತಿನಲ್ಲಿ ಟೇಪು ಇಲ್ಲದ್ದನ್ನು ನೋಡಿದವರು ಯಾರಾದರೂ ಇದ್ದರೆ ಅದು ಅವರ ಹೆಂಡತಿ ಒಬ್ಬಳೇ ಇರಬೇಕು. ಅವಳೂ ಆಣೆ ಮಾಡಿ ಹೇಳಲಾರಳು. ಅಂಗಡಿ ಮುಚ್ಚಿ ಮನೆಗೆ ಬರುವಾಗ ಟೇಪು ಕತ್ತಿನಲ್ಲೇ, ಊಟಕ್ಕೆ ಕೂತಾಗ ಕತ್ತಿನಲ್ಲೇ, ಜ್ವರ ಬಂದು ಮಲಗಿದರೆ ದಿಂಬಿನ ಪಕ್ಕದಲ್ಲಿ. ಹಿಂದಿನ ಬೀದಿಯ ಪೋಸ್ಟ್‌ಮಾಸ್ಟರು ತೀರಿಕೊಂಡಾಗ ಮುಖ ನೋಡಲು ಹೋದ ಮಾಸ್ತರರು, ಉಳಿದವರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರೆ ತಾವು ಮಾತ್ರ ಹೆಣವನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, "ಭುಜ ಹದಿನೆಂಟಿತ್ತು, ಪಾಪ, ಹದಿನೇಳಕ್ಕೆ ಇಳಿದುಬಿಟ್ಟಿದೆ" ಎಂದು ಪಕ್ಕದವರ ಕಿವಿಯಲ್ಲಿ ಹೇಳಿದ್ದರು. ಅಳುತ್ತಿದ್ದವರಲ್ಲಿ ಇಬ್ಬರು ನಗು ತಡೆಯಲಾರದೆ ಎದ್ದು ಹೊರಗೆ ಹೋಗಬೇಕಾಯಿತು.

ಆ ಟೇಪಿಗೆ ಮೂವತ್ತು ವರ್ಷ. ಕೊಂಡಾಗ ಹಳದಿಯಿದ್ದದ್ದು ಈಗ ಚಹಾದ ಬಣ್ಣಕ್ಕೆ ತಿರುಗಿತ್ತು. ಮೊದಲ ಏಳೆಂಟು ಅಂಕಿಗಳು ಸವೆದುಹೋಗಿ ಮಾಸ್ತರರ ಕಣ್ಣಿಗೆ ಮಾತ್ರ ಕಾಣುತ್ತಿದ್ದವು. "ಮನುಷ್ಯ ಸುಳ್ಳು ಹೇಳ್ತಾನೆ, ಕನ್ನಡಿ ಸುಳ್ಳು ಹೇಳತ್ತೆ, ಟೇಪು ಹೇಳಲ್ಲ" ಎಂಬುದು ಅವರು ದಿನಕ್ಕೆ ನಾಲ್ಕು ಸಲ ಆಡುವ ಮಾತು. ಪ್ಯಾಂಟು ಬಿಗಿಯಾಯಿತೆಂದು ಯಾರಾದರೂ ತಕರಾರು ತೆಗೆದರೆ ಟೇಪನ್ನು ಸೊಂಟಕ್ಕೆ ಸುತ್ತಿ ತೋರಿಸಿ, "ಬಟ್ಟೆ ಸರಿಯಾಗಿದೆ. ನೀವು ಊಟ ಮಾಡ್ಕೊಂಡು ಬಂದಿದ್ದೀರಿ" ಎಂದು ತೀರ್ಪು ಕೊಟ್ಟುಬಿಡುತ್ತಿದ್ದರು. ಇಷ್ಟು ಬಿರುಸಿನ ಬಾಯಿದ್ದರೂ ಗಿರಾಕಿಗಳು ಅವರನ್ನು ಬಿಟ್ಟು ಹೋಗುತ್ತಿರಲಿಲ್ಲ. ಒಂದು, ಕೆಲಸ ಚೊಕ್ಕ. ಇನ್ನೊಂದು, ಬೇರೆ ಅಂಗಡಿಯಲ್ಲಿ ಮೂವತ್ತಾರು ಅನ್ನಿಸಿಕೊಂಡ ಸೊಂಟ ಮಾಸ್ತರರ ಅಂಗಡಿಯಲ್ಲಿ ಮೂವತ್ತೈದಕ್ಕೆ ಇಳಿಯುತ್ತಿತ್ತು. ಬೆಳಗಿನ ನಡಿಗೆ ಫಲ ಕೊಟ್ಟಿತೆಂದುಕೊಂಡು ಜನ ಎದೆಯುಬ್ಬಿಸಿಕೊಂಡು ಹೊರಗೆ ಬರುತ್ತಿದ್ದರು.

ಮಾಸ್ತರರ ಹೆಂಡತಿಗೆ ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ದಿನಕ್ಕೆ ಸಾವಿರ ಹಾಸಿಗೆ ಬಟ್ಟೆ ಒಗೆದು, ಒಣಗಿಸಿ, ಇಸ್ತ್ರಿಯಾಗಿ ಬಂದದ್ದನ್ನು ಉದ್ದನೆಯ ಮೇಜಿನ ಮೇಲೆ ಮಡಿಸಿ ಎಣಿಸಿ ವಾರ್ಡುಗಳಿಗೆ ಕಳಿಸಬೇಕು. ಹತ್ತೊಂಬತ್ತು ವರ್ಷದಿಂದ ಅದೇ ಮೇಜು, ಅದೇ ಉಗಿ. ಮನೆಯಲ್ಲಿದ್ದ ಪುಟ್ಟ ಕಾರು ಅವಳದು. ಕೆಲಸ ಬಿಟ್ಟು ಹೋಗುತ್ತಿದ್ದ ನರ್ಸೊಬ್ಬಳಿಂದ ತನ್ನ ಉಳಿತಾಯದಲ್ಲಿ ಕೊಂಡದ್ದು, ಅದನ್ನು ಓಡಿಸುವವಳೂ ಅವಳೇ. ಮಾಸ್ತರರಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಎರಡು ಸಲ ಕಲಿಯಲು ಹೋಗಿ, ಮೂರನೆಯ ಸಲ ಕಲಿಸುವವನೇ ಕೈಮುಗಿದಿದ್ದ.

ಕಾರಿಗೆ ಇಪ್ಪತ್ತಾರು ವರ್ಷ ವಯಸ್ಸು. ಎಂಜಿನ್ನಿನ ಸದ್ದು ಮಾಸ್ತರರ ಹೊಲಿಗೆ ಯಂತ್ರದ ಸದ್ದಿಗಿಂತ ಕೊಂಚ ಹೆಚ್ಚು, ಅಷ್ಟೇ. ಆಸ್ಪತ್ರೆಯ ದಾರಿಯಲ್ಲಿ ಒಂದು ಉದ್ದನೆಯ ಏರಿತ್ತು. ಅಲ್ಲಿಗೆ ಬಂದಾಗ ಕಾರು ಮೊದಲನೆಯ ಗೇರಿಗೆ ಇಳಿದು ತಿಣುಕುತ್ತ ಹತ್ತುತ್ತಿತ್ತು, ಆದರೆ ಹತ್ತುತ್ತಿತ್ತು. ಹೆಂಡತಿಗೆ ಅಷ್ಟು ಸಾಕಾಗಿತ್ತು. ಏರಿನಲ್ಲಿ ಹಿಂದಿನವರು ಹಾರ್ನ್ ಹೊಡೆದರೆ ಅವಳು ಕಿಟಕಿಯಿಂದ ಕೈ ಹೊರಗೆ ಹಾಕಿ ಮುಂದೆ ಹೋಗಿ ಎಂದು ದಾರಿ ಬಿಡುತ್ತಿದ್ದಳು.

ಸಾಕಾಗದೆ ಹೋದದ್ದು ಮಾಸ್ತರರಿಗೆ. ಅದಕ್ಕೆ ಕಾರಣ ಅವರ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ. ಟೈಲ್ಸ್ ವ್ಯಾಪಾರಿ, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಕಾರು. ತನ್ನ ಕಾರು ಸರ್ವಿಸಿಗೆ ಹೋದ ಒಂದು ಭಾನುವಾರ ಅವನು ಸಂಸಾರ ಸಮೇತ ಈ ಪುಟ್ಟ ಕಾರಿನಲ್ಲಿ ಕೂತ. ಅರ್ಧ ಏರಿನಲ್ಲಿ ಸೈಕಲ್ಲಿನವನೊಬ್ಬ ಇವರನ್ನು ಹಿಂದೆ ಹಾಕಿ, ತಿರುಗಿ ನೋಡಿ ಹೋದ. ಷಡ್ಡಕ ಮುಂದಿನ ಸೀಟಿನಲ್ಲಿದ್ದ ಮಾಸ್ತರರ ಭುಜ ತಟ್ಟಿ, "ಅಣ್ಣಾ, ನಾನು ಇಳಿದು ನಡ್ಕೊಂಡು ಹೋಗಿರ್ತೀನಿ. ಮೇಲೆ ಒಂದು ಕಾಫಿ ಕುಡಿಯೋಷ್ಟರಲ್ಲಿ ನೀವೂ ಬರ್ತೀರಿ" ಎಂದ. ಎಲ್ಲರೂ ನಕ್ಕರು. ಓಡಿಸುತ್ತಿದ್ದ ಹೆಂಡತಿಯೂ ನಕ್ಕಳು. ಮಾಸ್ತರರಿಗೆ ಮಾತ್ರ ಆ ನಗೆ ಬೆನ್ನಿಗೆ ಚುಚ್ಚಿದ ಗುಂಡುಸೂಜಿಯಾಗಿ ಉಳಿದುಬಿಟ್ಟಿತು.

ಅವತ್ತಿನಿಂದ ಮೊಬೈಲಿನಲ್ಲಿ ವಿಡಿಯೋ ನೋಡುವ ಚಟ ಹತ್ತಿತು. ಬೆರಳಿಲ್ಲದ ಕೈಗವಸು ತೊಟ್ಟ ಒಬ್ಬ ತರುಣ ಹಳೆಯ ಪುಟ್ಟ ಕಾರಿನ ಎಂಜಿನ್ ಕಿತ್ತು, ಗುಜರಿಯಿಂದ ಅಗ್ಗಕ್ಕೆ ತಂದ ದೊಡ್ಡ ಎಂಜಿನ್ ಕೂರಿಸಿ, ಹೊಗೆಯೆಬ್ಬಿಸಿಕೊಂಡು ಹೋಗುತ್ತಿದ್ದ. ಹಿನ್ನೆಲೆ ಸಂಗೀತವೂ ಸೇರಿ ಒಟ್ಟು ಹನ್ನೆರಡು ನಿಮಿಷ. ಮಾಸ್ತರರು ಅದನ್ನು ನೂರು ಸಲ ನೋಡಿರಬೇಕು. ಕಡೆಕಡೆಗೆ ಗಿರಾಕಿಗಳ ತೊಡೆಯ ಅಳತೆ ತೆಗೆಯುತ್ತಲೇ "ನಿಮ್ಮ ಗಾಡಿ ಎಷ್ಟು ಸಿಸಿ?" ಎಂದು ಕೇಳತೊಡಗಿದರು. ಪಾಪ, ಆ ಭಂಗಿಯಲ್ಲಿ ನಿಂತವನು ಏನೆಂದು ಉತ್ತರ ಕೊಟ್ಟಾನು?

ಈ ಹುಚ್ಚು ಏರುತ್ತಿದ್ದ ಹೊತ್ತಿಗೆ ಸರಿಯಾಗಿ ಹೆಂಡತಿಗೆ ಆಸ್ಪತ್ರೆಯಲ್ಲಿ ಒಂದು ಮಾತು ಬಂತು. ಲಾಂಡ್ರಿಯ ಮೇಲ್ವಿಚಾರಕಿ ಇನ್ನೆರಡು ತಿಂಗಳಲ್ಲಿ ನಿವೃತ್ತಳಾಗುತ್ತಾಳೆ, ಆ ಜಾಗ ನಿನಗೆ ಎಂದು. ಮೇಲ್ವಿಚಾರಕಿ ಬೆಳಿಗ್ಗೆ ಐದಕ್ಕೆ ಹೋಗಿ ಬಾಯ್ಲರ್ ಕೋಣೆಯ ಬೀಗ ತೆಗೆಯಬೇಕು. ಆರೂವರೆಯ ಮೊದಲು ಆ ಕಡೆಗೆ ಬಸ್ಸಿಲ್ಲ. ಮೇಲಿನವರು ಖಂಡಿತವಾಗಿ ಹೇಳಿದ್ದರು: ಒಂದನೇ ತಾರೀಕಿನಿಂದ ಒಂದು ದಿನವೂ ತಡವಾಗುವಂತಿಲ್ಲ, ಮೊದಲ ದಿನವೇ ತಡವಾದರೆ ಆ ಜಾಗಕ್ಕೆ ಇನ್ನೊಬ್ಬಳು ಕಾದು ಕೂತಿದ್ದಾಳೆ. ಹತ್ತೊಂಬತ್ತು ವರ್ಷ ನಿಂತೇ ದುಡಿದವಳಿಗೆ ಕೂರಲು ಕುರ್ಚಿ ಸಿಗುವ ಕಾಲ ಅದು. ಅದಕ್ಕೆ ಬೇಕಾದದ್ದು ಬೆಳಿಗ್ಗೆ ನಾಲ್ಕೂವರೆಗೆ ಹೊರಡುವ ಒಂದು ಗಾಡಿ.

ಅಂಥ ಹೊತ್ತಿನಲ್ಲಿ ಮಾಸ್ತರರು ಎಂಜಿನ್ ಬದಲಾಯಿಸುವ ಮಾತು ತೆಗೆದರು.

"ರೀ, ಓಡೋ ಗಾಡಿಗೆ ಯಾಕೆ ಕೈ ಹಾಕ್ತೀರಿ?" ಹೆಂಡತಿ ಕೇಳಿದಳು. "ಇರಲಾರದೆ ಇರುವೆ ಬಿಟ್ಕೊಳ್ಳೋದು ಅಂದ್ರೆ ಇದೇ."

"ನಿಂಗೋಸ್ಕರಾನೇ ಕಣೆ ಮಾಡ್ತಿರೋದು. ಮೇಲ್ವಿಚಾರಕಿ ಆಗೋಳು ತಿಣುಕುತ್ತಾ ಹೋಗ್ಬೇಕಾ? ಹದಿನೈದೇ ದಿನ. ಏರಲ್ಲಿ ಮೂರನೇ ಗೇರಲ್ಲಿ ಹೋಗ್ತೀಯ, ನೋಡ್ತಿರು."

"ಮೂರನೇ ಗೇರು ನಂಗೇನು ಬೇಡ. ಐದಕ್ಕೆ ಅಲ್ಲಿದ್ರೆ ಸಾಕು."

ಗಂಡ ಕೇಳುವವನಲ್ಲ ಎಂದು ಅವಳಿಗೆ ಗೊತ್ತಿತ್ತು. ಬೇಡವೆಂದರೆ ಷಡ್ಡಕನ ಆ ಮಾತನ್ನು ಜೀವಮಾನವಿಡೀ ಊಟದ ಜೊತೆಗೆ ಬಡಿಸಿಕೊಂಡು ತಿನ್ನುವ ಆಸಾಮಿ ಅವನು. ಕೊನೆಗೆ ಒಂದೇ ಒಂದು ಷರತ್ತು ಹಾಕಿದಳು. "ಹಳೇ ಎಂಜಿನ್ ಮಾತ್ರ ಒಂದು ಮೂಲೇಲಿ ಇಟ್ಟಿರಿ. ಯಾರಿಗೂ ಕೊಡ್ಬೇಡಿ."

"ಆಯ್ತು ಆಯ್ತು" ಎಂದರು ಮಾಸ್ತರರು. ಅವರ ಎರಡು ಆಯ್ತಿಗೆ ಎಷ್ಟು ಬೆಲೆ ಎಂಬುದು ಅಂಗಡಿಯಲ್ಲಿ ಗಡುವು ಮುಗಿದ ಬಟ್ಟೆಗೆ ಕಾಯುವವರಿಗೆಲ್ಲ ಗೊತ್ತು.

ಮೆಕ್ಯಾನಿಕ್ಕು ಮಾಸ್ತರರ ಹಳೆಯ ಗಿರಾಕಿ. ನೀರಿನ ಟ್ಯಾಂಕಿನ ಕೆಳಗೆ ತಗಡು ಹೊದಿಸಿದ ಗ್ಯಾರೇಜು. ಅವನು ಬಾನೆಟ್ ಎತ್ತಿ ಎಂಜಿನ್ನಿಗೆ ಕಿವಿಗೊಟ್ಟು, "ಮಾಸ್ತರೇ, ಇದೇನೂ ಕೆಟ್ಟಿಲ್ಲ. ಪಿಸ್ಟನ್ ರಿಂಗ್ ಬದಲಾಯಿಸಿ ಕೊಡ್ತೀನಿ, ಏರು ಆರಾಮಾಗಿ ಹತ್ತತ್ತೆ. ಒಂದು ವಾರದ ಕೆಲ್ಸ" ಎಂದ.

"ತೇಪೆ ಕೆಲ್ಸ ನಂಗೆ ಹೇಳ್ಬೇಡಪ್ಪ. ನಾನು ಹೊಸದು ಹೊಲಿಯೋನು."

ಮೆಕ್ಯಾನಿಕ್ಕು ನಿಟ್ಟುಸಿರುಬಿಟ್ಟು, ಜೇಬಿನಿಂದ ಸ್ಟೀಲ್ ಟೇಪು ತೆಗೆದು ಎಂಜಿನ್ ಕೂರುವ ಜಾಗವನ್ನು ಅಳೆದ. ಎರಡು ಕಬ್ಬಿಣದ ಕಂಬಿಗಳ ನಡುವೆ ಮೂವತ್ತೆರಡು ಇಂಚು. ಆ ಅಂಕಿಯನ್ನು ಗ್ಯಾರೇಜಿನ ಕಂಬದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದ. "ಎಂಜಿನ್ನು, ಗೇರ್‌ಬಾಕ್ಸು ಎರಡೂ ಸೇರಿ ಅಡ್ಡಕ್ಕೆ ಮೂವತ್ತೊಂದು ದಾಟಬಾರ್ದು. ಓಡುವಾಗ ಅಲ್ಲಾಡತ್ತೆ, ಆ ಕಡೆ ಈ ಕಡೆ ಅರ್ಧರ್ಧ ಇಂಚು ಬೇಕು. ಗುಜರಿಗೆ ಹೋಗುವಾಗ ಈ ಟೇಪು ತಗೊಂಡು ಹೋಗಿ."

ಮಾಸ್ತರರ ಮುಖ ಕೆಂಪಾಯಿತು. ಬೇರೆಯವರ ಟೇಪು ಮುಟ್ಟು ಎಂದು ಅವರಿಗೆ ಇದುವರೆಗೆ ಯಾರೂ ಹೇಳಿರಲಿಲ್ಲ. "ನನ್ನ ಕತ್ತಲ್ಲಿರೋದು ಏನು, ಹಸು ಕಟ್ಟೋ ಹಗ್ಗಾನಾ?" ಎಂದು ಕೇಳಿ ಹೊರಟೇಬಿಟ್ಟರು.

ಗುಜರಿ ಅಂಗಡಿಯ ಒಡತಿ ಮಾತು ಕಡಿಮೆಯ ಒಬ್ಬ ಮುದುಕಿ. ಹಳೆಯ ಬಸ್ಸಿನ ಸೀಟಿನ ಮೇಲೆ ಕೂತು ಬೆರಳು ತೋರಿಸಿಯೇ ವ್ಯಾಪಾರ ಮಾಡುತ್ತಿದ್ದಳು. ಅವಳು ತೋರಿಸಿದ ಕಡೆ ಟಯರಿನ ಮೇಲೆ ಒಂದು ಎಂಜಿನ್ ಕೂತಿತ್ತು. ಹಿಂದಿನಿಂದ ಗುದ್ದಿಸಿಕೊಂಡ ದೊಡ್ಡ ಕಾರಿನದು, ಮುಂದಿನ ಭಾಗಕ್ಕೆ ಏನೂ ಆಗಿರಲಿಲ್ಲ. ವಿಡಿಯೋದಲ್ಲಿ ನೋಡಿದ ಜಾತಿಯದೇ. ಕತ್ತಿನ ಟೇಪು ಕೈಗೆ ಬಂತು. ಅಭ್ಯಾಸಬಲದಿಂದ "ಸ್ವಲ್ಪ ನೇರ ನಿಂತ್ಕೊಳ್ಳಿ" ಎಂದು ಎಂಜಿನ್ನಿಗೆ ಹೇಳಿದರು. ಮುದುಕಿ ಕನ್ನಡಕ ಸರಿಮಾಡಿಕೊಂಡು ನೋಡಿದಳು.

ಅಡ್ಡಕ್ಕೆ ಸರಿಯಾಗಿ ಮೂವತ್ತೊಂದು. ಒಂದು ಗೆರೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಮಾಸ್ತರರು ಮೂರು ಸಲ ಅಳೆದರು. ಮೂರು ಸಲವೂ ಮೂವತ್ತೊಂದೇ. ಆ ಎಂಜಿನ್ ತಮಗಾಗಿಯೇ ಹುಟ್ಟಿ, ತಮಗಾಗಿಯೇ ಅಪಘಾತಕ್ಕೆ ಸಿಕ್ಕಿದೆ ಎಂದು ಅವರಿಗೆ ಮನವರಿಕೆಯಾಯಿತು.

"ನಿಮ್ಮ ಹಳೇದನ್ನ ತಂದ್ಕೊಡಿ, ಅಗ್ಗಕ್ಕೆ ಕೊಡ್ತೀನಿ. ವಾಪಸ್ ಅನ್ನೋ ಮಾತಿಲ್ಲ" ಎಂದಳು ಮುದುಕಿ.

ಹಳೆಯದನ್ನು ಮೂಲೆಯಲ್ಲಿ ಇಟ್ಟಿರಿ ಎಂದು ಹೆಂಡತಿ ಹೇಳಿದ್ದು ಮಾಸ್ತರರಿಗೆ ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಾಯಿತು. ಆದರೆ ಅಗ್ಗ ಎಂಬ ಮಾತಿನ ಮುಂದೆ ಅವರ ಕಿವಿ ಬೇರೆಯವರ ಮಾತಿಗೆ ಕಿವುಡಾಗುತ್ತಿತ್ತು. ಅಂಗಿಯ ಗುಂಡಿ ಆರಿಸಲು ಅರ್ಧ ಗಂಟೆ ತೆಗೆದುಕೊಳ್ಳುವ ಮನುಷ್ಯ ಎರಡು ನಿಮಿಷದಲ್ಲಿ ಒಪ್ಪಿದರು. ಮರುದಿನವೇ ಟೆಂಪೋದಲ್ಲಿ ಹಳೆಯ ಎಂಜಿನ್ ಹೋಯಿತು, ಹೊಸದು ಬಂತು.

ಅವತ್ತು ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಮಾಸ್ತರರು ತಮ್ಮ ಗುಜರಿ ವಿಜಯವನ್ನು ವರ್ಣಿಸಿದರು. ಹೆಂಡತಿ ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು.

"ಹಳೇದು ಎಲ್ಲಿ?"

"ಅದನ್ನ ಇಟ್ಕೊಂಡು ಏನು ಮಾಡೋದು? ಕೊಟ್ಟೆ."

ಆಮೇಲೆ ಅವಳು ಕೇಳಿದ ಪ್ರಶ್ನೆ ಮಾಸ್ತರರಿಗೆ ವಿಚಿತ್ರವಾಗಿ ಕಂಡಿತು. "ಅಳತೆ ಯಾವ ಟೇಪಲ್ಲಿ ತಗೊಂಡ್ರಿ?"

"ಇದ್ರಲ್ಲೇ. ಇನ್ಯಾವುದ್ರಲ್ಲಿ?"

ಹೆಂಡತಿ ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿಕೊಂಡು, "ಒಂದ್ನಿಮಿಷ ಬಂದೆ" ಎಂದು ಹೊರಗೆ ಹೋದಳು. ಕಾಲು ಗಂಟೆ ಬಿಟ್ಟು ಒಂದು ಬ್ರೆಡ್ ಹಿಡಿದುಕೊಂಡು ಬಂದಳು. ಮನೆಯಲ್ಲಿ ಬ್ರೆಡ್ ಇತ್ತು. ಇದ್ದದ್ದು ಮರೆತಿರಬೇಕು ಎಂದುಕೊಂಡು ಮಾಸ್ತರರು ಮತ್ತೆ ವಿಡಿಯೋ ಹಾಕಿಕೊಂಡರು.

ಹತ್ತು ದಿನದ ಮೇಲೆ ಗ್ಯಾರೇಜಿನಲ್ಲಿ ಎಂಜಿನ್ ಇಳಿಸುವ ಮುಹೂರ್ತ. ಮೆಕ್ಯಾನಿಕ್ಕು ಸರಪಳಿ ರಾಟೆಗೆ ಎಂಜಿನ್ ತೂಗುಹಾಕಿ ಇಂಚಿಂಚಾಗಿ ಕೆಳಗೆ ಬಿಟ್ಟ. ಇಳಿಯಿತು, ಇಳಿಯಿತು, ನಿಂತಿತು. ಎರಡು ಕಂಬಿಗಳ ಮೇಲೆ ಕುಂಡೆಯೂರಿ, ಮಕ್ಕಳ ಕುರ್ಚಿಯಲ್ಲಿ ಕೂತ ದಪ್ಪ ಮಾವನ ಹಾಗೆ ಸಿಕ್ಕಿಹಾಕಿಕೊಂಡಿತು. "ಒತ್ತಪ್ಪಾ, ಒತ್ತು" ಎಂದರು ಮಾಸ್ತರರು. ಮೆಕ್ಯಾನಿಕ್ಕು ಒತ್ತಿದ. ಮಾಸ್ತರರೂ ಒತ್ತಿದರು. ಎಂಜಿನ್ ಹೊಟ್ಟೆ ಒಳಗೆಳೆದುಕೊಳ್ಳಲಿಲ್ಲ.

ಮೆಕ್ಯಾನಿಕ್ಕು ಸ್ಟೀಲ್ ಟೇಪು ಹಿಡಿದ. ಮೂವತ್ತೆರಡೂ ಕಾಲು.

"ನಿನ್ನ ಟೇಪು ಕೆಟ್ಟಿದೆ" ಎಂದರು ಮಾಸ್ತರರು, ತಮ್ಮದನ್ನು ಹಿಡಿದು ತೋರಿಸುತ್ತಾ. ಮೂವತ್ತೊಂದು.

ಮೆಕ್ಯಾನಿಕ್ಕು ಬಿಚ್ಚಿಟ್ಟಿದ್ದ ಬಾನೆಟ್ಟಿನ ಮೇಲೆ ಎರಡೂ ಟೇಪುಗಳನ್ನು ಅಕ್ಕಪಕ್ಕ ಚಾಚಿದ. ಮೊದಲ ತುದಿಯ ಹತ್ತಿರ ಎರಡೂ ಅಣ್ಣತಮ್ಮಂದಿರ ಹಾಗಿದ್ದವು. ಹತ್ತರ ಹತ್ತಿರ ಮುನಿಸಿಕೊಂಡವು. ಮಾಸ್ತರರ ಮೂವತ್ತೊಂದು ಬಂದಾಗ ಸ್ಟೀಲಿನದು ಮೂವತ್ತೆರಡು ದಾಟಿಹೋಗಿತ್ತು. ಮೂವತ್ತು ವರ್ಷ ಕತ್ತಿನಲ್ಲಿ ಜೋತು, ಸಾವಿರಾರು ಹೊಟ್ಟೆಗಳನ್ನು ಸುತ್ತಿ, ಆ ಬಟ್ಟೆಯ ಟೇಪು ಜಗ್ಗಿಹೋಗಿತ್ತು. ಅಂಗಡಿಯಲ್ಲಿ ಅದರಿಂದ ಯಾರಿಗೂ ಏನೂ ಆಗಿರಲಿಲ್ಲ. ಮೈ ಅಳೆಯುವುದೂ ಅದರಲ್ಲೇ, ಬಟ್ಟೆ ಕತ್ತರಿಸುವುದೂ ಅದರಲ್ಲೇ. ಎರಡು ಕಡೆಯೂ ಒಂದೇ ಸುಳ್ಳಿದ್ದರೆ ಅಂಗಿ ಮೈಗೆ ಸರಿಯಾಗಿಯೇ ಕೂರುತ್ತದೆ. ಇಲ್ಲಿ ಕಾರಿನ ಜಾಗ ಅಳೆದದ್ದು ಒಂದು ಟೇಪಿನಲ್ಲಿ, ಎಂಜಿನ್ ಅಳೆದದ್ದು ಇನ್ನೊಂದರಲ್ಲಿ.

ಮೆಕ್ಯಾನಿಕ್ಕು ನಗಲು ಶುರುಮಾಡಿದವನು ಟಯರಿನ ಮೇಲೆ ಕೂತು ನಕ್ಕ. ಆಮೇಲೆ ಥಟ್ಟನೆ ನಗು ನಿಲ್ಲಿಸಿ ತನ್ನ ಸೊಂಟ ಮುಟ್ಟಿಕೊಂಡ. "ಅಂದ್ರೆ ಮಾಸ್ತರೇ, ನಂದು ಮೂವತ್ತನಾಲ್ಕು ಅಲ್ವಾ?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ಮಾಸ್ತರರು ಕಾರನ್ನೇ ಸುತ್ತಿ ಬಂದು, ಇದು ಕಾರ್ಖಾನೆಯಲ್ಲೇ ಸೊಟ್ಟ ಹುಟ್ಟಿದೆ ಎಂದರು. ಆಮೇಲೆ ಕಸುಬಿನ ಬುದ್ಧಿ ಓಡಿತು. "ಈ ಕಂಬೀನ ಒಂದಿಂಚು ಕತ್ತರಿಸಿಬಿಡು. ಸೈಡಲ್ಲಿ ಬಿಚ್ಚಿ ಸ್ವಲ್ಪ ಬಿಟ್ರೆ ಆಯ್ತು."

"ಇದು ಪ್ಯಾಂಟಲ್ಲ, ಮಾಸ್ತರೇ." ಮೆಕ್ಯಾನಿಕ್ಕಿನ ದನಿಯಲ್ಲಿ ಈಗ ನಗುವಿರಲಿಲ್ಲ. "ಯಾವನಾದ್ರೂ ಎದುರಿಂದ ಬಂದು ಗುದ್ದಿದ್ರೆ ಅಕ್ಕನ ಮುಂದೆ ಇರೋದು ಇದೊಂದೇ ಕಂಬಿ. ಇದನ್ನ ಕತ್ತರಿಸು ಅಂದ್ರೆ ಬೇರೆ ಗ್ಯಾರೇಜ್ ನೋಡ್ಕೊಳ್ಳಿ."

ಬೈದರೂ ಹೀಗೆ ನಾಟುತ್ತಿರಲಿಲ್ಲ. ಮಾಸ್ತರರಿಗೆ ನಾಚಿಕೆಯಾಯಿತು, ನಿಜವಾಗಿಯೂ ಆಯಿತು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವ ಹಾಗೆ ಅಲ್ಲಿಂದ ನೇರವಾಗಿ ಗುಜರಿಗೆ ಓಡಿದರು. ಹಳೆಯ ಎಂಜಿನ್ ವಾಪಸ್ ಕೊಟ್ಟರೆ ಸಾಕು, ಹೊಸದು ಇಲ್ಲೇ ಬಿದ್ದಿರಲಿ ಎಂದು ಮುದುಕಿಯ ಮುಂದೆ ಕೈಜೋಡಿಸಿ ನಿಂತರು.

"ಅದು ಬಂದ ದಿನಾನೇ ಹೋಯ್ತು" ಎಂದಳು ಮುದುಕಿ. "ತಗೊಂಡೋನು ಕೇಳ್ದ, ಇಷ್ಟು ಚೆನ್ನಾಗಿ ನೋಡ್ಕೊಂಡಿರೋ ಎಂಜಿನ್ ಯಾವ ಪೆದ್ದ ಕೊಟ್ಟ ಅಂತ. ನಾನು ಹೇಳ್ಲಿಲ್ಲ ಬಿಡಿ."

ಒಂದನೇ ತಾರೀಕಿಗೆ ಇನ್ನು ಮೂವತ್ತು ದಿನವಿತ್ತು. ಗಂಡಸಾದವನು ಅವತ್ತೇ ಮನೆಗೆ ಹೋಗಿ ನಡೆದದ್ದನ್ನು ಹೇಳಬೇಕಿತ್ತು. ಹೇಳಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಮಾಸ್ತರರು ಹೇಳಲಿಲ್ಲ. ಟೇಪು ಸುಳ್ಳು ಹೇಳಿದೆ ಎಂದು ಒಪ್ಪುವುದಕ್ಕಿಂತ ತಾವೇ ಸುಳ್ಳು ಹೇಳುವುದು ಅವರಿಗೆ ಸುಲಭವಾಗಿ ಕಂಡಿತು.

"ಇವತ್ತು ಏನು ಬರ್ಬೇಕು?" ಎಂದು ಹೆಂಡತಿ ದಿನಾ ಸಂಜೆ ಕೇಳುವಳು.

"ಗ್ಯಾಸ್ಕೆಟ್ಟು. ನಾಳೆ ಬರತ್ತೆ."

ನಾಳೆ ಬಂದರೆ ಬೆಲ್ಟು, ಆಮೇಲೆ ರೇಡಿಯೇಟರಿನ ಪೈಪು, ಆಮೇಲೆ ವೈರಿಂಗಿನವನ ಅತ್ತೆಗೆ ಹುಷಾರಿಲ್ಲ. ಹೆಂಡತಿ ತಲೆಯಾಡಿಸಿ ಅನ್ನ ಬಡಿಸುವಳು. ಒಮ್ಮೆ ಮಾಸ್ತರರು ಸುಳ್ಳಿನ ಸರದಿ ಮರೆತು ಮತ್ತೆ ಗ್ಯಾಸ್ಕೆಟ್ ಎಂದಾಗ ಅವಳು, "ಅದು ಹೋದ ವಾರಾನೇ ಬಂದಿತ್ತಲ್ಲ" ಎಂದು ಮೆಲ್ಲಗೆ ನೆನಪಿಸಿದಳು. "ಇದು ಇನ್ನೊಂದು ಗ್ಯಾಸ್ಕೆಟ್ಟು" ಎಂದರು. ಇರಬಹುದು ಎಂದು ಅವಳು ಸಾರಿನ ಪಾತ್ರೆ ಮುಂದಿಟ್ಟಳು. ಹಗಲೆಲ್ಲ ಮಾಸ್ತರರು ಅಂಗಡಿಯನ್ನು ಅರ್ಧ ಬಾಗಿಲು ಹಾಕಿ ಊರಿನ ಗುಜರಿಗಳನ್ನೆಲ್ಲ ಸುತ್ತಿದರು. ಆ ಕಾರಿಗೆ ಆಗುವ ಎಂಜಿನ್ ಎಲ್ಲೂ ಸಿಗಲಿಲ್ಲ. ದಿನಗಳು ಕರಗಿದಂತೆ ಊಟ ಸೇರದಾಯಿತು. ಹತ್ತೊಂಬತ್ತು ವರ್ಷ ನಿಂತ ಹೆಂಡತಿಯ ಕುರ್ಚಿಯನ್ನು ತಾನೇ ಕೈಯಾರೆ ಗುಜರಿಗೆ ಹಾಕಿ ಬಂದೆನಲ್ಲ ಎಂಬ ಸಂಕಟ ಅವರನ್ನು ಕೊರೆಯುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಅಹಂಕಾರ ಅಂದರೆ ಅದೇ ತಾನೇ.

ನಡುವೆ ಒಂದು ಹೊಸ ಟೇಪು ಕೊಂಡರು. ಎರಡು ದಿನ ಅಂಗಡಿಯಲ್ಲಿ ಅದರಲ್ಲೇ ಅಳತೆ ತೆಗೆದರು. ಮೊದಲ ದಿನ ಬ್ಯಾಂಕಿನವರೊಬ್ಬರ ಸೊಂಟ ಒಂದೂವರೆ ಇಂಚು ಹೆಚ್ಚಾಗಿ ಅವರು ಮುಖ ಊದಿಸಿಕೊಂಡು ಹೋದರು. ಎರಡನೆಯ ದಿನ ಬಂದ ಷಡ್ಡಕ, ತನ್ನ ಮೂವತ್ತೊಂಬತ್ತು ನಲವತ್ತು ದಾಟಿದ್ದು ಕೇಳಿ, "ಅಣ್ಣಾ, ಆ ಮಾತು ಆಡಿದ್ದಕ್ಕೆ ಹೀಗೆ ಸೇಡು ತೀರಿಸ್ಕೊಳ್ತೀರಾ?" ಎಂದು ಬಟ್ಟೆ ಕಿತ್ತುಕೊಂಡು ಹೋದ. ಸಂಜೆಯ ಹೊತ್ತಿಗೆ ಹಳೆಯ ಟೇಪು ಮತ್ತೆ ಕತ್ತಿಗೆ ಬಂತು. ಜನಕ್ಕೆ ಬೇಕಾದದ್ದು ಅಳತೆಯಲ್ಲ ಎಂದು ಮಾಸ್ತರರಿಗೆ ಅರ್ಥವಾಗಲು ಮೂವತ್ತು ವರ್ಷ ಹಿಡಿಯಿತು. ಹೊಸದನ್ನು ಅವರು ಒಂದೇ ಒಂದು ಕೆಲಸಕ್ಕೆ ಇಟ್ಟುಕೊಂಡರು. ಹೆಂಡತಿಗೆ ಮೇಲ್ವಿಚಾರಕಿಯ ಬಿಳಿ ಕೋಟು ಹೊಲಿಯಬೇಕಿತ್ತು. ಅವಳನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಹೊಸ ಟೇಪಿನಲ್ಲಿ ಭುಜ, ತೋಳು, ಎದೆ ಅಳೆದು, ಹೊಸ ಟೇಪಿನಲ್ಲೇ ಬಟ್ಟೆ ಕತ್ತರಿಸಿದರು. ಇದೊಂದಾದರೂ ಸತ್ಯದಲ್ಲಿ ಹೊಲಿಯುತ್ತೇನೆ ಎಂಬುದು ಅವರ ಪ್ರಾಯಶ್ಚಿತ್ತ.

ಒಂದನೇ ತಾರೀಕು ಬಂತು. ನಾಲ್ಕು ಗಂಟೆಗೆ ಎದ್ದ ಹೆಂಡತಿ ಸ್ನಾನ ಮಾಡಿ, ತಲೆ ಬಾಚಿ, ಹೊಸ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತಳು. ಮಾಸ್ತರರು ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದರು. ಇನ್ನು ಗ್ಯಾಸ್ಕೆಟ್ ಉಳಿದಿರಲಿಲ್ಲ.

"ಗಾಡಿ ಇಲ್ಲ ಕಣೆ" ಎಂದರು. "ಎಂಜಿನ್ ಕೂರಲ್ಲ. ಅಳತೆ ತಪ್ಪಿದೆ. ನಂದೇ ತಪ್ಪು. ಟೇಪು ಜಗ್ಗಿತ್ತು."

"ಗೊತ್ತು" ಎಂದಳು ಹೆಂಡತಿ, ಕೋಟಿನ ಗುಂಡಿ ಹಾಕಿಕೊಳ್ಳುತ್ತಾ. "ಎಷ್ಟೋ ವರ್ಷದ ಹಿಂದೇನೇ ಗೊತ್ತಿತ್ತು. ಲಾಂಡ್ರಿ ಮೇಜಿಗೆ ಇಂಚಿನ ಗುರುತಿರೋ ಹಿತ್ತಾಳೆ ಪಟ್ಟಿ ಹೊಡೆದಿದಾರೆ. ಒಂದ್ಸಲ ದುಪ್ಪಟಿಗೆ ಅಂತ ನಿಮ್ಮ ಟೇಪು ತಗೊಂಡು ಹೋಗಿದ್ನಲ್ಲ, ಇಟ್ಟು ನೋಡಿದ್ದೆ."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಯಾಕೆ ಹೇಳ್ಬೇಕಿತ್ತು? ಬಟ್ಟೆ ಸರಿಯಾಗಿ ಬರ್ತಿತ್ತು, ಜನ ಖುಷಿಯಾಗಿದ್ರು, ನೀವೂ ಖುಷಿಯಾಗಿದ್ರಿ. ನೀವು ಅದನ್ನ ತಗೊಂಡು ಎಂಜಿನ್ ಅಳೆಯೋಕೆ ಹೋಗ್ತೀರಿ ಅಂತ ನಂಗೇನು ಕನಸು ಬಿದ್ದಿತ್ತಾ? ಹೋಗೋ ಮುಂಚೆ ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ." ಅವಳು ತೋಳು ಮುಂದೆ ಚಾಚಿ ನೋಡಿಕೊಂಡಳು. "ಕೋಟು ಚೆನ್ನಾಗಿ ಕೂತಿದೆ."

"ಹೊಸ ಟೇಪಲ್ಲಿ ಹೊಲಿದಿದ್ದು" ಎಂದರು ಮಾಸ್ತರರು. ಅಷ್ಟಾದರೂ ಸಿಗಲಿ ಎಂದು.

"ಹಳೇದ್ರಲ್ಲಿ ಹೊಲಿದಿದ್ರೂ ಹಿಂಗೇ ಕೂರ್ತಿತ್ತು."

ಹೊರಗೆ ಎರಡು ಸಲ ಹಾರ್ನ್ ಆಯಿತು. ಅವಳು ಚೀಲ ಹೆಗಲಿಗೆ ಹಾಕಿಕೊಂಡಳು.

"ಯಾರದು?"

"ನಮ್ಮ ಬೀದಿ ಬೇಕರಿಯವರ ಬ್ರೆಡ್ ವ್ಯಾನು. ದಿನಾ ನಾಲ್ಕೂಮುಕ್ಕಾಲಿಗೆ ಆಸ್ಪತ್ರೆ ಅಡುಗೆಮನೆಗೆ ಬ್ರೆಡ್ ಇಳಿಸ್ತಾರೆ. ಕರ್ಕೊಂಡು ಹೋಗ್ತೀನಿ ಅಂದಿದಾರೆ."

"ಯಾವಾಗ ಹೇಳಿಟ್ಟೆ?"

"ನೀವು ಎಂಜಿನ್ ತಂದ್ರಲ್ಲ, ಅವತ್ತು ಸಂಜೆ."

ಮಾಸ್ತರರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ನಲವತ್ತು ದಿನ. ಗ್ಯಾಸ್ಕೆಟ್ಟು, ಬೆಲ್ಟು, ಪೈಪು, ವೈರಿಂಗಿನವನ ಅತ್ತೆ, ಮತ್ತೊಂದು ಗ್ಯಾಸ್ಕೆಟ್ಟು. ಎಲ್ಲವನ್ನೂ ಎಲ್ಲ ಗೊತ್ತಿದ್ದವಳ ಮುಂದೆ ಹೇಳುತ್ತ ಬಂದಿದ್ದರು, ಅವಳು ಒಂದೊಂದಕ್ಕೂ ತಲೆಯಾಡಿಸುತ್ತ ಅನ್ನ ಬಡಿಸಿದ್ದಳು.

"ಮತ್ತೆ ದಿನಾ ಏನು ಬರ್ಬೇಕು ಅಂತ ಕೇಳ್ತಿದ್ದೆಯಲ್ಲ?" ಎಂದರು ಮಾಸ್ತರರು.

"ಇವತ್ತಾದ್ರೂ ನಿಜ ಹೇಳ್ತೀರೇನೋ ಅಂತ" ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಮಾಸ್ತರರಿಗೆ ಎಷ್ಟೋ ಹಾಯೆನಿಸುತ್ತಿತ್ತು. ಬಾಗಿಲ ಹತ್ತಿರ ತಿರುಗಿ, "ಗಾಡಿಗೆ ಎಂಜಿನ್ ನಾನೇ ಹುಡುಕ್ತೀನಿ. ನೀವು ಮಾತ್ರ ಅಳೀಬೇಡಿ" ಎಂದು ಮೆಟ್ಟಿಲಿಳಿದಳು.

ಮಾಸ್ತರರು ಬರಿಗಾಲಲ್ಲೇ ಬಾಗಿಲಿಗೆ ಬಂದು ನಿಂತರು. ವ್ಯಾನಿನವನು ಒಳಗಿನ ದೀಪ ಹಾಕಿ ಅವಳಿಗೆ ಬಾಗಿಲು ತೆರೆದ. ಅವನ ಪಕ್ಕದ ಸೀಟಿನ ಮೇಲೆ ಒಂದು ಮೆತ್ತೆಯಿತ್ತು. ನೀಲಿ, ಬೂದು, ಕಂದು ತುಂಡುಗಳನ್ನು ಸೇರಿಸಿ ಹೊಲಿದದ್ದು. ಆ ತುಂಡುಗಳು ಮಾಸ್ತರರಿಗೆ ಚೆನ್ನಾಗಿ ಪರಿಚಯ. ಅವರದೇ ಕತ್ತರಿಯ ಕೆಳಗೆ ಬಿದ್ದು ಮೂಲೆಯ ಬುಟ್ಟಿ ಸೇರಿದ್ದವು. ಯಾವುದೋ ರಜೆಯ ಮಧ್ಯಾಹ್ನ ಅವರು ಗುಜರಿ ಸುತ್ತುತ್ತಿದ್ದಾಗ ಅವಳು ಅವರದೇ ಯಂತ್ರದಲ್ಲಿ ಕೂತು ಹೊಲಿದಿರಬೇಕು. ಅವಳು ಹತ್ತಿ ಕೂರುವ ಮೊದಲೇ ಮಾಸ್ತರರ ಕಣ್ಣು ತಾನಾಗಿಯೇ ಅಂಚಿನಿಂದ ಅಂಚಿಗೆ ಓಡಿತು. ಮೆತ್ತೆ ಸೀಟಿನಲ್ಲಿ ಸರಿಯಾಗಿ ಕೂತಿತ್ತು. ಎಲ್ಲೂ ಒಂದೆಳೆ ಹೆಚ್ಚಿರಲಿಲ್ಲ, ಒಂದೆಳೆ ಕಡಿಮೆಯಿರಲಿಲ್ಲ.